ಲೆಕ್ಕದ ಪೈಲ್ವಾನ

ಎಮ್ಮೆದೊಡ್ಡಿಯಿಂದ ಸಂಜೆ ಕಡೂರಿನ ಜಿಮ್ಮಿಗೆ ಬೈಕ್ ಓಡಿಸುವ ಹುಡುಗರಲ್ಲಿ ಒಬ್ಬನಿಗೆ ‘ಮ್ಯಾಕ್ಸಣ್ಣ’ ಅಂತಲೇ ಹೆಸರು ಬಿದ್ದಿದೆ. ಒಂದೇ ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ತೂಕಕ್ಕೆ ‘ಒನ್ ರೆಪ್ ಮ್ಯಾಕ್ಸ್’ ಅಂತಾರಲ್ಲ, ಹಗಲೂ ರಾತ್ರಿ ಅವನಿಗೆ ಅದರದ್ದೇ ಧ್ಯಾನ. ಇಂಥವನು ತರೀಕೆರೆಯಲ್ಲೂ ಇದ್ದಾನೆ, ಅಜ್ಜಂಪುರದಲ್ಲೂ ಇದ್ದಾನೆ. ಸೊಂಟಕ್ಕೆ ಅಗಲದ ಬೆಲ್ಟು ಬಿಗಿದು, ಅಂಗೈಗೆ ಬಿಳಿ ಪುಡಿ ಬಳಿದು, ಬಾರಿನ ಮುಂದೆ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆಯುತ್ತಾನೆ. ಆಮೇಲೆ ಬಗ್ಗಿ ಮೊಬೈಲ್ ಎತ್ತುತ್ತಾನೆ.

ಮೊಬೈಲಿನಲ್ಲಿ ಎಪ್ಲಿ ಸೂತ್ರವಿದೆ. ಅಮೆರಿಕದ ನೆಬ್ರಾಸ್ಕದಲ್ಲಿ ತರಬೇತುದಾರರಾಗಿದ್ದ ಬಾಯ್ಡ್ ಎಪ್ಲಿ ಕೊಟ್ಟದ್ದು: ಎತ್ತಿದ ಸಲವನ್ನು 30ರಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ತೂಕದಿಂದ ಗುಣಿಸಿದರೆ ನಿಮ್ಮ ಮ್ಯಾಕ್ಸ್ ಬಂತು. 90 ಕೆ.ಜಿ. ಐದು ಸಲ ಎತ್ತಿದವನು ಒಂದು ಸಲಕ್ಕೆ 105 ಎತ್ತಬಹುದು. ಎತ್ತ‘ಬಹುದು’ ಅಷ್ಟೆ.

ಮನೆಯಲ್ಲಿ ಅಜ್ಜಿ ಬಿಡಬೇಕಲ್ಲ.

“ಎಷ್ಟ್ ಎತ್ತಿದ್ಯೋ ಮಗಾ?”

“ನೂರೈದು ಅಜ್ಜಿ.”

“ಎತ್ತೇಬಿಟ್ಯಾ?”

“ಎತ್ತಿದ್ದು ತೊಂಬತ್ತು. ಲೆಕ್ಕದಲ್ಲಿ ನೂರೈದು.”

“ಮರದ ಮೇಲಿರೋ ಅಡಿಕೆಗೆ ಚೇಣಿ ಮಾತಾಡ್ದಂಗಾಯ್ತು. ಕೊಯ್ಲು ಯಾವಾಗ್ಲಾ?”

ಕೊಯ್ಲಿಗೆ ಮುಹೂರ್ತವೇ ಕೂಡಿಬರುತ್ತಿಲ್ಲ. ಮದಗದ ಕೆರೆ ಕೋಡಿ ಬಿದ್ದರೆ ನೋಡಲು ಹೋಗಲೇಬೇಕು. ಬೀಗರೂಟ ಉಂಡ ಮರುದಿನ ಮೈ ಭಾರ. ಎರಡೂ ಇಲ್ಲದ ದಿನ ನಿದ್ದೆ ಸಾಲದು.

ಈ ನಡುವೆ ಅವನೊಂದು ಸಂಶೋಧನೆ ಮಾಡಿದ. 60 ಕೆ.ಜಿ.ಯನ್ನು 30 ಸಲ ಎತ್ತಿದರೆ ಸೂತ್ರದಲ್ಲಿ 120 ಬರುತ್ತದೆ! ಬಾರಿನಿಂದ 30 ಕಿಲೋ ಇಳಿಸಿ ಮ್ಯಾಕ್ಸನ್ನು 15 ಕಿಲೋ ಏರಿಸಿದ ಬೇರೆ ಪೈಲ್ವಾನರನ್ನು ನಾನಂತೂ ಕಂಡಿಲ್ಲ. ಸಲ ಹೆಚ್ಚಿದಷ್ಟೂ ಸೂತ್ರ ಹಳಿ ತಪ್ಪುತ್ತದೆ, ಐದರೊಳಗಿದ್ದರೆ ಮಾತ್ರ ಒಂದಿಷ್ಟು ನಂಬಬಹುದು ಅಂತ ಕೋಚ್ ಬಡಕೊಂಡರು. ಬಾರಿನ ಎರಡೂ ಬದಿಗೆ ಒಂದೂಕಾಲು ಕಿಲೋ ಪ್ಲೇಟು ಹಾಕು, ಅದು ಪಳಗಿದ ಮೇಲೆ ಮತ್ತೆ ಅಷ್ಟೇ ಏರಿಸು, ನಡುವೆ ಮೂರರಿಂದ ಐದು ನಿಮಿಷ ದಣಿವಾರಿಸಿಕೋ ಅಂದರು. ಇವನಿಗೆ ಒಗ್ಗಿದ್ದು ದಣಿವಾರಿಸಿಕೊಳ್ಳುವುದೊಂದೇ.

ಗುರುರಾಜ ಪೂಜಾರಿ ಅಂದರೆ ಇವನಿಗೆ ಪ್ರಾಣ. ಕುಂದಾಪುರದ ಕಡೆಯ ಆ ಹುಡುಗ 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಅಲ್ಲಿ ಒಂದೊಂದಕ್ಕೂ ಮೂರೇ ಅವಕಾಶ, ತೀರ್ಪುಗಾರರು ಬಿಳಿ ದೀಪ ಹಾಕಿದರಷ್ಟೇ ಲೆಕ್ಕ. ಮ್ಯಾಕ್ಸಣ್ಣ ಇದನ್ನೆಲ್ಲ ಕೇಳಿ, “ಅವರ ಮ್ಯಾಕ್ಸ್ ಇನ್ನೂ ಜಾಸ್ತಿ ಬರ್ತಿತ್ತು, ಪಾಪ, ಸೂತ್ರ ಹಾಕಿಲ್ಲ” ಅಂದ.

ಕಡೂರಿನಲ್ಲಿ ಸಿಕ್ಕರೆ ಎಷ್ಟು ಎತ್ತುತ್ತೀಯ ಅಂತ ಮಾತ್ರ ಕೇಳಬೇಡಿ. ಮೊಬೈಲ್ ತೆಗೆಯುತ್ತಾನೆ, ಕೊನೆಯ ಬಸ್ಸು ತಪ್ಪೀತು.