ಯಾರೂ ಕೂರದ ಸೋಫಾ

ಪಾಳುಬಿದ್ದ ಮನೆಗೆ ದೆವ್ವ ಸೇರಿಕೊಳ್ಳುತ್ತದೆ ಎಂದು ನಮ್ಮ ಅಜ್ಜಿಯರು ಹೆದರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ದೆವ್ವಕ್ಕಿಂತ ಮೊದಲು ಕೌನ್ಸಿಲ್ಲಿನವರು, ಅಂದರೆ ಸ್ಥಳೀಯ ಆಡಳಿತದವರು, ಬರುತ್ತಾರೆ. ದೆವ್ವವಾದರೂ ಅಮಾವಾಸ್ಯೆ ನೋಡಿಕೊಂಡು ಕಾಡೀತು, ನಿಂಬೆಹಣ್ಣು ಕೊಯ್ದರೆ ತೊಲಗೀತು. ಇವರು ಅಷ್ಟಕ್ಕೆಲ್ಲ ಜಗ್ಗುವವರಲ್ಲ.

ಅಲ್ಲಿ ಮನೆಗಂದಾಯಕ್ಕೆ ಕೌನ್ಸಿಲ್ ಟ್ಯಾಕ್ಸ್ ಅನ್ನುತ್ತಾರೆ. ಮೊದಲೆಲ್ಲ ಖಾಲಿ ಮನೆ ಅಂದರೆ ರಿಯಾಯಿತಿ. ಪಾಪ, ಕಸ ಹಾಕುವವರೂ ಇಲ್ಲವಲ್ಲ ಎಂಬ ಕನಿಕರ ಇದ್ದಿರಬೇಕು. 2013ರಲ್ಲಿ ಕನಿಕರ ಬತ್ತಿತು. ಎರಡು ವರ್ಷ ಖಾಲಿ ಬಿಟ್ಟರೆ ಶೇ. 50ರವರೆಗೆ ಹೆಚ್ಚುವರಿ ಹೇರಬಹುದು ಎಂದಾಯಿತು. 2019ಕ್ಕೆ ಅದು ಶೇ. 100. ಆಮೇಲೆ ಐದು ವರ್ಷ ದಾಟಿದ ಮನೆಗೆ ಶೇ. 200, ಹತ್ತು ದಾಟಿದ್ದಕ್ಕೆ ಶೇ. 300. ಅಂದರೆ ಒಟ್ಟು ನಾಲ್ಕು ಪಟ್ಟು! 2024ರ ಏಪ್ರಿಲ್‌ನಿಂದ ಎರಡು ವರ್ಷದ ಗಡುವೂ ಒಂದೇ ವರ್ಷಕ್ಕೆ ಇಳಿದಿದೆ.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಎಲ್ಲ ದೇಶದಲ್ಲೂ ಇದ್ದಾರೆ. ಈ ಹೊರೆ ಬೀಳಲು ಮನೆಯಲ್ಲಿ ಜನ ಇಲ್ಲದಿದ್ದರಷ್ಟೇ ಸಾಲದು, ಬಹುಮಟ್ಟಿಗೆ ಪೀಠೋಪಕರಣವೂ ಇರಬಾರದು. ಇನ್ನೇನು ಬೇಕು? ಒಂದು ಸೋಫಾ, ಒಂದು ಮಂಚ, ಒಂದು ಮೇಜು ತಂದಿಟ್ಟರೆ ಅದು ಖಾಲಿ ಮನೆಯಲ್ಲ, ಯಜಮಾನರ ‘ಎರಡನೇ ಮನೆ’! ಬಾಗಿಲ ಹಿಂದೆ ಟಪಾಲು ಮೊಣಕಾಲೆತ್ತರ ಬಿದ್ದಿರಲಿ, ಸೋಫಾದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆಯದಿರಲಿ, ಲೆಕ್ಕಕ್ಕೆ ಅದು ಸಂಸಾರದ ಮನೆ. ಕೊನೆಗೆ 2025ರ ಏಪ್ರಿಲ್‌ನಿಂದ ಎರಡನೇ ಮನೆಗೂ ಶೇ. 100ರವರೆಗೆ ಹಾಕಲು ಕೌನ್ಸಿಲ್‌ಗಳಿಗೆ ಅನುಮತಿ ಸಿಕ್ಕಿತು. ಆದರೂ ಹತ್ತು ವರ್ಷದ ಖಾಲಿ ಮನೆಯವನಿಗೆ ಮುನ್ನೂರಕ್ಕಿಂತ ನೂರು ಲೇಸಲ್ಲವೇ? ಸೋಫಾ ಇನ್ನೂ ದುಡಿಯುತ್ತಲೇ ಇದೆ.

ಭಾವಮೈದುನನನ್ನು ನಾಲ್ಕು ದಿನ ಮಲಗಿಸಿ ‘ವಾಸ ಇದ್ದಾರೆ’ ಅನ್ನೋಣ ಎಂದರೆ ಅದು ನಡೆಯದು. ಆರು ವಾರದೊಳಗಿನ ವಾಸ ಗಣನೆಗೇ ಇಲ್ಲ. ಭಾವಮೈದುನ ಆರು ವಾರ ದಾಟಿ ಝಾಂಡಾ ಊರಿದರೆ ಅದಕ್ಕಿಂತ ತೆರಿಗೆಯೇ ಸೋವಿ.

ಅಂದಹಾಗೆ, ಈ ಜನಕ್ಕೆ ಇದು ಹೊಸ ವಿದ್ಯೆಯೂ ಅಲ್ಲ. 1696ರಿಂದ 1851ರವರೆಗೆ ಅಲ್ಲಿ ಕಿಟಕಿಗೆ ತೆರಿಗೆ ಇತ್ತು. ಎಷ್ಟೋ ಮಂದಿ ಕಿಟಕಿಗೆ ಇಟ್ಟಿಗೆ ಕಟ್ಟಿ ಕತ್ತಲಲ್ಲಿ ಕೂತರೇ ಹೊರತು ಕಾಸು ಬಿಚ್ಚಲಿಲ್ಲ.

ನಗುವ ಮುಂಚೆ ನಮ್ಮ ಬೆಂಗಳೂರನ್ನೂ ನೋಡಿ. 2008ರ ಆಸ್ತಿ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಗೆ ಎರಡು ಪಟ್ಟು ದರ. ಅವರು ಬೀಗ ಹಾಕಿದವನನ್ನು ಹಿಡಿದರೆ, ನಾವು ಬಾಗಿಲು ತೆಗೆದು ಇನ್ನೊಬ್ಬರಿಗೆ ಸೂರು ಕೊಟ್ಟವನನ್ನು ಹಿಡಿದೆವು!

ಖಾಲಿ ಮನೆಗೆ ಬಿಸಿ ಮುಟ್ಟಿಸಬೇಕು ಅನ್ನುವುದರಲ್ಲಿ ನನ್ನ ತಕರಾರಿಲ್ಲ. ಸತ್ತವರ ಆಸ್ತಿ ಇತ್ಯರ್ಥವಾಗುತ್ತಿದ್ದರೆ, ಮನೆ ಮಾರಾಟಕ್ಕಿಟ್ಟಿದ್ದರೆ, ದೊಡ್ಡ ರಿಪೇರಿ ನಡೆದಿದ್ದರೆ 12 ತಿಂಗಳವರೆಗೆ ವಿನಾಯಿತಿಯೂ ಉಂಟು. ತಕರಾರು ಇರುವುದು ಬುಡದ ಲೆಕ್ಕದ ಮೇಲೆ. ಇಂಗ್ಲೆಂಡಿನ ಮನೆಗಳ ದರ್ಜೆ ನಿಂತಿರುವುದು 1991ರ ಬೆಲೆಯ ಮೇಲೆ. ಆಗ 3,20,000 ಪೌಂಡ್ ದಾಟಿದ್ದೆಲ್ಲ ಒಂದೇ ದರ್ಜೆ. ಅರಮನೆಯಾದರೂ ಅಷ್ಟೇ, ಕಡೆಯ ದರ್ಜೆಯ ಗೂಡಿನ ಮೂರರಷ್ಟು ತೆರಿಗೆ, ಮುಗಿಯಿತು. ಅದೂ ಒಂದೇ ಊರಿನೊಳಗಿನ ಮಾತು, ಊರು ಬದಲಾದರೆ ದರವೇ ಬೇರೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ದರ ಎಷ್ಟು ಕಡಿಮೆಯೆಂದರೆ ಅಲ್ಲಿನ ಮೇಲ್ದರ್ಜೆಯ ಬಂಗಲೆಗೂ ವರ್ಷಕ್ಕೆ ಎರಡು ಸಾವಿರ ಪೌಂಡಿನ ಆಸುಪಾಸು. ಉತ್ತರದ ಹಾರ್ಟಲ್‌ಪೂಲ್‌ನಲ್ಲಿ ದರ ಅದರ ಎರಡು ಪಟ್ಟಿಗೂ ಮೇಲೆ. ಹೀಗಾಗಿ ಕೋಟಿಗಟ್ಟಲೆ ಪೌಂಡಿನ ಬಂಗಲೆ ಹತ್ತು ವರ್ಷ ಬೀಗ ಹಾಕಿಕೊಂಡಿದ್ದರೂ ನಾಲ್ಕು ಪಟ್ಟು ಅಂದರೆ ಎಂಟು ಸಾವಿರ. ಅದು ಆ ಮನೆಯ ಪರದೆ ಒಗೆಸುವ ಖರ್ಚು. ಅದೇ ನಾಲ್ಕು ಪಟ್ಟು ಹಾರ್ಟಲ್‌ಪೂಲ್‌ನ ಸಾಲುಮನೆಯವನ ಸೊಂಟ ಮುರಿಯುತ್ತದೆ. ವೇಲ್ಸ್‌ನವರು 2003ರ ಬೆಲೆ ಹಿಡಿದು ದರ್ಜೆ ಬದಲಿಸಿಕೊಂಡರು. ಇಂಗ್ಲೆಂಡಿನ ಯಾವ ಸರ್ಕಾರಕ್ಕೂ ಇನ್ನೂ ಆ ಎದೆಗಾರಿಕೆ ಬಂದಿಲ್ಲ.