ಬೀಗರ ಚಾಕು, ಮಾಸ್ತರನ ಪರೀಕ್ಷೆ

ಮನೆತನಕ್ಕೊಬ್ಬ ಪಂಡಿತ ಇರಲೇಬೇಕೆಂಬುದು ನಮ್ಮ ವಿಜಯಪುರ ಜಿಲ್ಲೆಯ ಅಲಿಖಿತ ಕಾನೂನು. ಒಬ್ಬ ಮೋಡ ನೋಡಿ ಮಳೆ ಹೇಳುತ್ತಾನೆ, ಒಬ್ಬ ಹಲ್ಲು ನೋಡಿ ಎತ್ತಿನ ಬೆಲೆ ಹೇಳುತ್ತಾನೆ, ಮತ್ತೊಬ್ಬ ಯಾರೂ ಕೇಳದಿದ್ದರೂ ಮೊಣಕಾಲು ನೋವಿಗೆ ಎಣ್ಣೆ ಹೇಳುತ್ತಾನೆ. ನಮ್ಮ ಬಳಗದಲ್ಲಿ ಕಬ್ಬಿಣದ ಖಾತೆ ನನ್ನ ಪಾಲಿಗೆ ಬಂದಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ ಎಂಬುದೊಂದೇ ನನ್ನ ಅರ್ಹತೆ. ಪ್ರನಾಳದಲ್ಲಿ ಮೊಳೆ ಇಟ್ಟು, ತುಕ್ಕು ಹೇಗೆ ಹಿಡಿಯುತ್ತದೆಂದು ವರ್ಷವರ್ಷವೂ ಮಕ್ಕಳಿಗೆ ತೋರಿಸಿದವನು ನಾನು. “ನೌಕರಿ ತುಂಬ ಇವರು ಮೊಳಿಗೆ ತುಕ್ಕು ಹಿಡಿಸ್ಯಾರ, ಬಿಡಿಸಿದ್ದು ಮಾತ್ರ ಒಂದೂ ಇಲ್ಲ” ಎಂದು ನನ್ನ ಹೆಂಡತಿ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾಳೆ.

ನಾವಿರುವುದು ಇಂಡಿಯಲ್ಲಿ. ಅಕ್ಕನನ್ನು ಕೊಟ್ಟದ್ದು ಸಿಂದಗಿಗೆ. ಹೆಂಡತಿಯ ತವರು ಮುದ್ದೇಬಿಹಾಳ. ಮಗಳನ್ನು ಕೊಟ್ಟು ಬೀಗತನ ಬೆಳೆಸಿದ್ದು ಬಸವನ ಬಾಗೇವಾಡಿಯಲ್ಲಿ. ಈ ನಾಲ್ಕೂ ಊರಿನ ಅಡುಗೆಮನೆಗಳಿಗೆ ಈಗ ಮೈತುಂಬ ಅಲೆಅಲೆ ಚಿತ್ತಾರದ ಚಾಕುಗಳು ಬಂದಿಳಿದಿವೆ. ಫೋನಿನಲ್ಲಿ ಬೆರಳೊತ್ತಿದರೆ ಸಾಕು, ಬಾಗಿಲಿಗೆ ಬರುತ್ತವೆ. ಡಬ್ಬದ ಮೇಲೆ ‘ಡಮಾಸ್ಕಸ್’, ‘67 ಪದರ’, ‘ಜಪಾನಿ ವಿನ್ಯಾಸ’ ಎಂಬ ಬಿರುದಾವಳಿ. ಬೆಲೆ ಆರೇಳು ನೂರು ರೂಪಾಯಿ. ಕೊಂಡವರಿಗೆಲ್ಲ ಒಂದೇ ಸಂಶಯ, “ಇದು ಖರೇವೋ ಖೊಟ್ಟಿಯೋ?” ಆ ಸಂಶಯ ಸುತ್ತಿಬಳಸಿ ಕಬ್ಬಿಣದ ಖಾತೆಗೇ ಬಂದು ಬೀಳುತ್ತದೆ.

ಬೇರೆಯವರ ಚಾಕುವಾದರೆ ತೀರ್ಪು ಕೊಡುವುದು ಸಲೀಸು. ಆದರೆ ನನ್ನ ಕೈಗೆ ಬಂದದ್ದು ಬೀಗರ ಚಾಕು. ಮಗಳ ಕುಬಸದಲ್ಲಿ ಆಯೇರಿ ಮಾಡುವಾಗ, ಸೀರೆ-ಪಟಗದ ಜೊತೆಗೆ ಬೀಗರು ಒಂದು ಉದ್ದನೆಯ ಕರಿ ಡಬ್ಬವನ್ನೂ ನನ್ನ ಕೈಯಲ್ಲಿಟ್ಟು, “ಮಾಸ್ತರ, ನೀವು ಲೋಹದಾಗ ಬಲ್ಲವರು. ನೋಡಿ ಹೇಳ್ರಿ” ಎಂದಿದ್ದರು. ಹೆಂಡತಿ ಆ ಹೊತ್ತಿಗೇ ಒಳಕೋಣೆಗೆ ಕರೆದು ತಾಕೀತು ಮಾಡಿದಳು: “ಏನ್ರೀ, ಆಯೇರಿ ಐತಿ ಅದು. ಖೊಟ್ಟಿ ಗಿಟ್ಟಿ ಅಂತ ಬಾಯಿ ಬಿಟ್ಟೀರಿ ಮತ್ತ. ನಮ್ಮ ಮಗಳು ಆ ಮನ್ಯಾಗ ಬಾಳ್ವೆ ಮಾಡಬೇಕು.” ಸತ್ಯ ಹೇಳಬೇಕು, ಸಂಬಂಧ ಉಳಿಯಬೇಕು. ಹರಿಶ್ಚಂದ್ರನಿಗೂ ಬೀಗರ ಚಾಕು ಪರೀಕ್ಷಿಸುವ ಕಷ್ಟ ಬಂದಿರಲಿಲ್ಲ.

ಮನೆಗೆ ಬಂದ ಮೇಲೆ ಅವಳೇ ಚಾಕು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. “ಇದು ಚಾಕೂನೋ, ಇಳಕಲ್ ಸೀರಿ ಸೆರಗೋ?”

ಪಂಡಿತನಿಗೆ ಇಷ್ಟು ಸಾಕಲ್ಲವೆ? “ನಗಬ್ಯಾಡ. ಈ ಚಿತ್ತಾರದ ಮೂಲಪುರುಷರು ನಾವೇ” ಎಂದು ಪೀಠಿಕೆ ಹಾಕಿದೆ. ದಕ್ಷಿಣ ಭಾರತದ ಕುಲುಮೆಗಳಲ್ಲಿ, ಮಣ್ಣಿನ ಮೂಸೆಯೊಳಗೆ ಕರಗಿ ತಯಾರಾದ ಉಕ್ಕಿನ ಗಟ್ಟಿಗಳು ಪರ್ಷಿಯಾ, ಅರಬ್ ನಾಡುಗಳಿಗೆ ಹೋಗಿ ಕತ್ತಿಗಳಾಗುತ್ತಿದ್ದವು. ಆ ಕತ್ತಿಗಳ ಮೈಮೇಲಿನ ನೀರಲೆಗೆ ಯುರೋಪಿನವರು ಡಮಾಸ್ಕಸ್ ಊರಿನ ಹೆಸರು ಅಂಟಿಸಿದರು. ಮಾಲು ನಮ್ಮದು, ಹೆಸರು ಪೇಟೆಯದು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಈ ಉಕ್ಕನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. ಕಂಬಾರನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಸಂಶೋಧನೆಯಿಂದ ಹೆಸರಾಗುವ ಮೊದಲು, ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು-ಕತ್ತರಿ ತಯಾರಕನೊಂದಿಗೆ ಕೂತು ಇದರ ಗುಟ್ಟು ಹುಡುಕಲು ಹೆಣಗಿದ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಣ್ಣಾರೆ ಕಂಡು ಬರೆದಿದ್ದಾನೆ: ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿರೆಲೆ ಇಟ್ಟು ಬಾಯಿ ಮುಚ್ಚುತ್ತಿದ್ದರಂತೆ. ಕಡ್ಡಿ-ಎಲೆ ಒಳಗೇ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರುತ್ತಿತ್ತು. ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲ ಹಿಡಿದ ಆ ಉಕ್ಕು ನಿಧಾನವಾಗಿ ಆರಿ, ಹದವಾದ ಕಾವಿನಲ್ಲಿ ಬಡಿಸಿಕೊಂಡಾಗ, ಒಳಗಿನ ಗಡಸು ಕಣಗಳು ಸಾಲುಗಟ್ಟಿ ಅಲೆಯಾಗುತ್ತಿದ್ದವು.

“ಅಂದ್ರ ಕಬ್ಬಣಕ್ಕೂ ಒಗ್ಗರಣಿ ಹಾಕ್ತಿದ್ರು ಅನ್ರಿ” ಎಂದಳು ಹೆಂಡತಿ. ಇಡೀ ರಾಯಲ್ ಸೊಸೈಟಿಗೆ ಹೊಳೆಯದ ಮಾತು.

ನಾನು ನಿಲ್ಲಲಿಲ್ಲ. ಅವಳ ತವರಿನ ಕಡೆಗೇ ಕಥೆ ತಿರುಗಿಸಿದೆ. 1565ರ ಯುದ್ಧ, ರಕ್ಕಸಗಿ-ತಂಗಡಗಿ, ಕೃಷ್ಣೆಯ ದಂಡೆ, ವಿಜಯನಗರದ ಸೈನ್ಯ, ಮುಸುಗುಟ್ಟುವ ಕುದುರೆಗಳು, ಝಳಪಿಸುವ ಕತ್ತಿಗಳು. ಅವಳು ಬುಟ್ಟಿಯಿಂದ ಎಳೆ ಬದನೆಕಾಯಿ ಆರಿಸುತ್ತ ಕೇಳಿದಳು: “ಆ ಕತ್ತಿ ಹಿಡದವರು ಎಣಗಾಯಿಗೆ ಬದನಿಕಾಯಿ ಸೀಳಿದ್ರೇನ್ರಿ? ಅದಷ್ಟು ಹೇಳ್ರಿ.” ಇತಿಹಾಸದಲ್ಲಿ ಅದಕ್ಕೆ ದಾಖಲೆ ಇಲ್ಲವಾದ್ದರಿಂದ ನಾನು ವಿಜ್ಞಾನಕ್ಕೆ ಇಳಿದೆ.

ಚಿತ್ತಾರದಲ್ಲಿ ಮೂರು ಜಾತಿ. ಮೊದಲನೆಯದು ಈಗ ಹೇಳಿದ ಮೂಸೆಯ ಉಕ್ಕು. ಅದನ್ನು ಆರೇಳು ನೂರಕ್ಕೆ ಬಾಗಿಲಿಗೆ ತಂದುಕೊಡುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಎರಡನೆಯದು ಪದರದ ಉಕ್ಕು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಕಾಸಿ, ಬಡಿದು ಒಂದಾಗಿಸಿ, ಕೊನೆಗೆ ಆಮ್ಲದಲ್ಲಿ ಅದ್ದುತ್ತಾರೆ. ಒಂದು ಕಪ್ಪಾಗುತ್ತದೆ, ನಿಕಲ್ ಇರುವ ಇನ್ನೊಂದು ಬೆಳ್ಳಗೆ ಉಳಿಯುತ್ತದೆ. ಇದು ಖರೇ ಕಸುಬು, ಖರೇ ಖರ್ಚು. ಮೂರನೆಯದು ಸಾದಾ ಸ್ಟೇನ್‌ಲೆಸ್ ತಗಡಿನ ಮೇಲೆ ಲೇಸರಿನಿಂದಲೋ ಆಮ್ಲದಿಂದಲೋ ಮೂಡಿಸಿದ ಚಿತ್ರ. ಹಬ್ಬಕ್ಕೆ ಬಾಗಿಲಲ್ಲಿ ಹಾಕುವ ರಂಗೋಲಿಗಾದರೂ ಹೆಣ್ಣುಮಕ್ಕಳ ಕೈಚಳಕ ಬೇಕು. ಇದಕ್ಕೆ ಅದೂ ಬೇಡ.

ಭೂತಗನ್ನಡಿ ಹಿಡಿದು ಕಟ್ಟೆಯ ಮೇಲೆ ಕೂತೆ. ಡಬ್ಬದ ಮೇಲಿನ ‘67 ಪದರ’ದ ಲೆಕ್ಕ ಹೀಗೆ: ನಡುವೆ ಒಂದು ಗಡಸು ಉಕ್ಕಿನ ಪಟ್ಟಿ, ಅದರ ಎಡಬಲಕ್ಕೆ 33ರಂತೆ ಮೆತ್ತನೆಯ ಪದರ. ಕೊಯ್ಯುವ ಬಾಯಿ ಇರುವುದು ನಡುವಿನ ಆ ಒಂದು ಪಟ್ಟಿಗೆ ಮಾತ್ರ. ಉಳಿದ 66 ಮೆರವಣಿಗೆಯ ಮಂದಿ. ಆದ್ದರಿಂದ ಖರೇ ಪದರದ ಚಾಕುವಿನಲ್ಲಿ ಚಿತ್ತಾರ ಬಾಯಿಯ ತುದಿ ಮುಟ್ಟುವುದಿಲ್ಲ. ಅಂಚಿನಿಂದ ತುಸು ಮೇಲೆ, ಹೊಳೆ ದಂಡೆಗೆ ಬಂದು ನಿಂತಂತೆ, ಒಂದು ಅಂಕುಡೊಂಕು ಗೆರೆಗೆ ನಿಂತುಬಿಡುತ್ತದೆ. ಬೀಗರ ಚಾಕುವಿನಲ್ಲಿ ಅಲೆಗಳು ಯಾವ ಎಗ್ಗೂ ಇಲ್ಲದೆ ಬಾಯಿಯ ತುದಿಯವರೆಗೂ ಇಳಿದಿದ್ದವು. ಬೆನ್ನು ತಿರುಗಿಸಿ ನೋಡಿದೆ: ಒಂದು ಗೆರೆಯ ಸುಳಿವೂ ಇಲ್ಲ, ನುಣ್ಣಗೆ ಹೊಳೆಯುತ್ತಿತ್ತು. ಹಿಡಿಯ ಹತ್ತಿರದ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ನೀರುಕಾಗದದಿಂದ ತುಸು ತಿಕ್ಕಿದೆ. ಅಲೆ ಅಳಿಸಿ ತಗಡು ಬಯಲಾಯಿತು. ಖರೇ ಪದರವಾಗಿದ್ದರೆ, ತಿಕ್ಕಿದ ಜಾಗಕ್ಕೆ ಫೆರಿಕ್ ಕ್ಲೋರೈಡ್ ಹಚ್ಚಿದಾಗ ಅಲೆ ಮತ್ತೆ ಏಳಬೇಕು. ಬರೀ ಚಿತ್ರವಾದರೆ ಹೋದದ್ದು ಹೋದಂತೆಯೇ.

ಅಷ್ಟರಲ್ಲಿ ಸಿಂದಗಿಯಿಂದ ಅಕ್ಕನ ಗಂಡ ಬಂದರು, ಕೈಯಲ್ಲಿ ಅಯಸ್ಕಾಂತ. ಹಳೆಯ ಸ್ಪೀಕರಿನಿಂದ ಕಿತ್ತದ್ದು, ರೊಟ್ಟಿಯಷ್ಟು ಅಗಲ. ಹಾಂಡೆ-ಬಿಂದಿಗೆ ಕೊಳ್ಳುವಾಗಲೂ ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗುವ ಮನುಷ್ಯ. ಚಾಕುವಿಗೆ ಹಿಡಿದರು, ಟಪ್ಪನೆ ಅಂಟಿತು. “ಮುಗೀತಲ್ಲೋ ಮಾಸ್ತರ! ಸ್ಟೀಲ್ ಅಲ್ಲ ಇದು, ಬರೇ ಕಬ್ಬಣ.”

“ಮಾವಾ, ಆ ಪರೀಕ್ಷಾ ಭಾಂಡಿಗೆ, ಚಾಕೂಗಲ್ಲ” ಎಂದೆ. ಊಟದ ತಾಟಿನ 304 ದರ್ಜೆಯ ಸ್ಟೀಲಿನಲ್ಲಿ ನಿಕಲ್ ಹೆಚ್ಚು. ಅಯಸ್ಕಾಂತಕ್ಕೆ ಅದು ಸೊಪ್ಪು ಹಾಕುವುದಿಲ್ಲ. ಆದರೆ ಆ ಸ್ಟೀಲನ್ನು ಕಾಸಿ ಅದ್ದಿ ಗಡಸು ಮಾಡಲು ಬರುವುದಿಲ್ಲ. ಬಾಯಿ ನಿಲ್ಲಬೇಕಾದ ಚಾಕುವಿನ ಉಕ್ಕು, ಸ್ಟೇನ್‌ಲೆಸ್ ಆದರೂ ಸರಿ, ಅಯಸ್ಕಾಂತಕ್ಕೆ ಅಂಟಲೇಬೇಕು. ಅಂಟದ ಚಾಕುವನ್ನು ಕಂಡರೆ ಸಂಶಯಪಡಬೇಕು. ಮಾವ ನನ್ನನ್ನೂ ಅಯಸ್ಕಾಂತವನ್ನೂ ಬದಲಾಬದಲಿ ನೋಡಿ, ಅಯಸ್ಕಾಂತವನ್ನೇ ನಂಬಿದರು.

ಆದರೆ ಅವರ ಚೀಲದಲ್ಲಿ ಇನ್ನೊಂದು ಸಾಕ್ಷಿ ಇತ್ತು. ಅವರೂ ಒಂದು ಡಮಾಸ್ಕಸ್ ತರಿಸಿದ್ದರು. ಎರಡನ್ನೂ ಜೋಡಿಸಿಟ್ಟು ನೋಡಿದೆವು. ತುದಿಯಿಂದ ಎರಡು ಬೆರಳು ಈಚೆಗೆ ಬೀಗರ ಚಾಕುವಿನಲ್ಲಿ ಒಂದು ಸುಳಿ, ಮಾವನ ಚಾಕುವಿನಲ್ಲೂ ಅದೇ ಸುಳಿ. ಅದರ ಕೆಳಗೆ ಬಾತುಕೋಳಿಯಂಥ ಒಂದು ಮಚ್ಚೆ, ಇದರಲ್ಲೂ ಅದೇ ಬಾತುಕೋಳಿ, ಕೊಕ್ಕು ಅದೇ ದಿಕ್ಕಿಗೆ. ಬಡಿದು ಮಾಡಿದ ಉಕ್ಕಿನಲ್ಲಿ ಎರಡು ಅಲಗುಗಳಿಗೆ ಒಂದೇ ಚಿತ್ತಾರ ಬರುವುದು ಸಾಧ್ಯವೇ ಇಲ್ಲ. ಸಿಂದಗಿಯ ಚಾಕುವೂ ಬಾಗೇವಾಡಿಯ ಚಾಕುವೂ ಒಂದೇ ಅಚ್ಚಿನ ಕೂಸುಗಳೆಂದು ಅಲ್ಲೇ ಸಾಬೀತಾಯಿತು. ಬೀಗರಿಗೂ ಮಾವನಿಗೂ ಇಷ್ಟು ಹತ್ತಿರದ ಸಂಬಂಧ ಇರುವುದು ನಮಗೆ ಗೊತ್ತಿರಲಿಲ್ಲ.

ಇಂಡಿಯವನಾಗಿ ಲಿಂಬೆಹಣ್ಣಿನ ಪರೀಕ್ಷೆ ಮಾಡದೆ ಬಿಡಲಾದೀತೆ? 2023ರಲ್ಲಿ ಜಿಐ ಮಾನ್ಯತೆ ಪಡೆದ ಲಿಂಬೆ ನಮ್ಮದು. ಹುಳಿಯಲ್ಲಿ ಅದರ ಮುಂದೆ ನನ್ನ ನೆಂಟರ ಮುಖ ಮಾತ್ರ ನಿಂತೀತು. ಒಂದು ಹೋಳನ್ನು ಬೀಗರ ಚಾಕುವಿಗೆ ಹಿಂಡಿದೆ, ಇನ್ನೊಂದನ್ನು ಹೆಂಡತಿಯ ಹಳೆಯ ಈಳಿಗೆಗೆ. ಚಹಾ ಕುಡಿದು ಬರುವಷ್ಟರಲ್ಲಿ ಈಳಿಗೆ ಬೂದುಗಪ್ಪಾಗಿತ್ತು, ಚಾಕು ಮಾತ್ರ ಮದುಮಗನಂತೆ ಹೊಳೆಯುತ್ತಿತ್ತು. ಈಳಿಗೆಯದು ಇಂಗಾಲದ ಉಕ್ಕು, ಲಿಂಬೆಯ ಆಮ್ಲಕ್ಕೆ ಕಪ್ಪಾಗುತ್ತದೆ. ಚಾಕುವಿನದು ಸ್ಟೇನ್‌ಲೆಸ್, ಕ್ರೋಮಿಯಂ ಕಾಯುತ್ತದೆ. ಖರೇ ಪದರದ ಚಾಕುವೂ ಸ್ಟೇನ್‌ಲೆಸ್ ಆಗಿರಬಹುದಾದ್ದರಿಂದ, ತೊಳೆದು ಒರೆಸದೆ ಇಟ್ಟರೆ ಯಾವುದಕ್ಕೆ ತುಕ್ಕು ಬಂದೀತು ಎಂಬುದನ್ನಷ್ಟೇ ಈ ಪರೀಕ್ಷೆ ಹೇಳುತ್ತದೆ. ಇದನ್ನು ವಿವರಿಸುವಷ್ಟರಲ್ಲಿ ಹೆಂಡತಿ ಬಂದಳು. “ನನ್ನ ಈಳಿಗಿಗೆ ಮಸಿ ಹಿಡಿಸಿದ್ರಿ? ಶಾಲಿ ಬಿಟ್ರೂ ಚಟ ಬಿಡಲಿಲ್ಲ!”

ಆಮೇಲೆ ಧಾರೆಯ ಪರೀಕ್ಷೆ. ಪೇಪರ್ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಚಾಕುವಿನಿಂದ ಸರ್ರನೆ ಸೀಳಿ ತೋರಿಸಿದೆ. “ಈ ಮನ್ಯಾಗ ಪೇಪರಿನ ಪಲ್ಯ ಮಾಡಂಗಿಲ್ಲ” ಎಂಬ ಷರಾ ಬಿತ್ತು. ಹಣ್ಣಾದ ಟೊಮ್ಯಾಟೊ ಕೊಟ್ಟಳು. ಒತ್ತದೆ, ಬರೀ ಎಳೆದರೆ ಸಿಪ್ಪೆ ಬಿಡಬೇಕು. ಬಿಟ್ಟಿತು! ನಾನು ಬೀಗಿದೆ, ಬೀಗರ ಪರವಾಗಿ. ಆದರೆ ಪೆಟ್ಟಿಗೆಯಿಂದ ಬಂದ ಹೊಸತರಲ್ಲಿ ಎಲ್ಲ ಚಾಕುವೂ ಕೊಯ್ಯುತ್ತದೆ. ವಾರ ಮುಗಿಯುವಷ್ಟರಲ್ಲಿ ಅದೇ ಚಾಕು ಬದನೆಕಾಯಿಯ ಮೇಲೆ ಜಾರತೊಡಗಿತು. ಎಣಗಾಯಿಗೆ ತೊಟ್ಟು ಬಿಡದ ಹಾಗೆ ನಾಲ್ಕು ಸೀಳು ಹಾಕಬೇಕು. ಮೊಂಡು ಬಾಯಿ ನುಣ್ಣನೆ ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ಬರುತ್ತದೆ. ಬೆಳಕಿಗೆ ಹಿಡಿದರೆ ಬಾಯಿಯಲ್ಲಿ ಬಿಳಿ ಎಳೆ ಹೊಳೆಯುತ್ತಿತ್ತು: ಮೆತ್ತನೆಯ ಉಕ್ಕಿನ ಅಂಚು ಮಡಚಿಕೊಂಡಿತ್ತು. ಒಳ್ಳೆಯ ಅಡುಗೆ ಚಾಕುವಿಗೆ ರಾಕ್‌ವೆಲ್ ಮಾಪನದಲ್ಲಿ 56ರಿಂದ 60ರಷ್ಟು ಗಡಸುತನ ಬೇಕು. ನಮ್ಮ ಮನೆಯಲ್ಲಿ ಆ ಮಾಪನದ ಯಂತ್ರವಿಲ್ಲ, ಬದನೆಕಾಯಿ ಇದೆ.

ಮುದ್ದೇಬಿಹಾಳದಿಂದ ಅತ್ತೆ ಬಂದದ್ದು ಆಗಲೇ. ಅಳಿಯನ ಭೂತಗನ್ನಡಿ, ನೀರುಕಾಗದ, ಅಯಸ್ಕಾಂತ, ಲಿಂಬೆಹಣ್ಣು ಎಲ್ಲವನ್ನೂ ಒಮ್ಮೆ ನೋಡಿ ಮಗಳಿಗೆ, “ಏನವ್ವಾ, ಯಾರಿಗರ ದೃಷ್ಟಿ ತಗೀತೀರೇನು?” ಎಂದರು. ಚಾಕು ತೆಗೆದುಕೊಂಡು ಹಿತ್ತಲ ಕಲ್ಲಿಗೆ ನೀರು ಚಿಮುಕಿಸಿ, ಒಂದೇ ಓರೆಯಲ್ಲಿ ಆ ಮಗ್ಗುಲು ಈ ಮಗ್ಗುಲು ಎಳೆದರು. ಬದನೆಕಾಯಿ ಸೀಳಿತು! “ಮೆತ್ತಗ ಐತ್ರಿ ಮಾಸ್ತರ. ಲಗೂನ ಧಾರಿ ಬರ್ತೈತಿ, ಲಗೂನ ಹೋಗ್ತೈತಿ” ಎಂದು ನನ್ನ ವಾರದ ಸಂಶೋಧನೆಯನ್ನು ಎರಡು ಮಾತಿನಲ್ಲಿ ಮುಗಿಸಿದರು. ಅವರ ಮನೆಯ ಚಾಕು ಸಂತೆಯಲ್ಲಿ ಕಂಬಾರನಿಂದ ಕೊಂಡದ್ದು, ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಮಾಡಿದ್ದು. ಕುಡಗೋಲು ಹಣಿಸಲು ಹೋದಾಗ ಅದನ್ನೂ ಒಯ್ದು ಕೊಟ್ಟುಬರುತ್ತಾರೆ. ಅದರ ಮೈಮೇಲೆ ಒಂದು ಗೆರೆಯೂ ಇಲ್ಲ.

ಉಳಿದದ್ದು ಬೀಗರಿಗೆ ತೀರ್ಪು ಹೇಳುವುದು. ಬಾಗೇವಾಡಿಗೆ ಹೋದಾಗ ಊಟದ ನಡುವೆ ಅವರೇ ಕೇಳಿದರು: “ಚಾಕು ಹೆಂಗೈತ್ರಿ ಮಾಸ್ತರ?” ಹೆಂಡತಿ ಎದುರಿನಿಂದ ಕಣ್ಣು ಅಗಲಿಸಿದಳು. ನಾನು ಅಲಗಿನ ಸುದ್ದಿಯನ್ನೇ ಎತ್ತದೆ, “ಬೀಗರ, ಅದರ ಹಿಡಿ ಏನ ಗಟ್ಟಿ ಐತ್ರಿ! ಭಾಳ ಚಲೋ” ಎಂದೆ.

“ಹೌದ್ರಿ? ನಿಮ್ದರ ಗಟ್ಟಿ ಐತಲ್ಲ, ಬಿಡ್ರಿ. ನಮಗೂ ಅಂಥಾದ್ದ ಒಂದು ತರಿಸಿದ್ದೆ. ಕುಂಬಳಕಾಯಿ ಹೆಚ್ಚೂಮುಂದ ಹಿಡಿನೇ ಕಳಚಿ ಬಿತ್ತು. ಒಳಗ ನೋಡಿದ್ರ ಅಲಗಿನ ಬಾಲ ಒಂದು ಬೆರಳೂ ಇಲ್ಲ!”

ಸಂಬಂಧ ಉಳಿಯಿತು, ಪಾಂಡಿತ್ಯ ಅವರ ಪಡಸಾಲೆಯಲ್ಲೇ ಮುಗಿಯಿತು.

ಆದರೂ ಖಾತೆ ನನ್ನದೇ ಆದ್ದರಿಂದ ಓದುಗರಿಗೆ ನನ್ನ ತೀರ್ಪು ಇಷ್ಟು. ಆರೇಳು ನೂರಕ್ಕೆ ಬರುವ ಚಿತ್ತಾರ ಚಾಕುವಿನ ಗುಣ ಹೇಳುವುದಿಲ್ಲ, ಮಾರುವವನ ಗುಣ ಹೇಳುತ್ತದೆ. ಕೊಳ್ಳುವುದಾದರೆ ಅಲಗಿನ ಬಾಲ ಹಿಡಿಯ ಕೊನೆಯವರೆಗೂ ಹಾಯ್ದು ರಿವೆಟ್ಟುಗಳಿಂದ ಬಿಗಿದಿದೆಯೇ ನೋಡಿ. ಬಾಯಿ ನೆಟ್ಟಗಿದೆಯೇ, ಉಕ್ಕಿನ ಹೆಸರನ್ನು ಬರೆದಿದ್ದಾರೆಯೇ, ಬರೀ ಊರಿನ ಹೆಸರು ಬರೆದಿದ್ದಾರೆಯೇ ಓದಿ. ಮೊದಲ ದಿನದ ಧಾರೆಗೆ ಮರುಳಾಗದೆ ವಾರ ಕಳೆದ ಮೇಲೆ ಬದನೆಕಾಯಿಗೆ ಹಚ್ಚಿ. ಅದೇ ದುಡ್ಡಿಗೆ ಚಿತ್ತಾರವಿಲ್ಲದ ಸಾದಾ ಚಾಕು ಒಂದು, ಸಾಣೆಕಲ್ಲು ಒಂದು, ಎರಡೂ ಬರುತ್ತವೆ, ಅವನ್ನೇ ಕೊಳ್ಳಿ. ಚಾಕು ಬೀಗರು ಕೊಟ್ಟದ್ದಾದರೆ ಮಾತ್ರ ಯಾವ ಪರೀಕ್ಷೆಯನ್ನೂ ಮಾಡಬೇಡಿ.