ಜಪಾನು ರಾಯರು

ಪ್ರತಿಯೊಂದು ಊರಿನ ಚಿತ್ರಸಮಾಜದಲ್ಲಿಯೂ, ಕಾರ್ಯದರ್ಶಿ, ಖಜಾಂಚಿ, ಚಂದಾ ತೆರದೆಯೇ ಚಿತ್ರ ನೋಡುವ ನಾಲ್ಕು ಮಂದಿ ಇವರುಗಳಷ್ಟೇ ಅನಿವಾರ್ಯವಾಗಿ, ಜಪಾನೀ ಚಿತ್ರಗಳ ರಸಿಕರೊಬ್ಬರು ಇರಲೇಬೇಕೆಂದು ಯಾವ ನಿಯಮಾವಳಿಯಲ್ಲಿಯೂ ಬರೆದಿಲ್ಲವಾದರೂ, ಅಂಥವರೊಬ್ಬರಿಲ್ಲದ ಸಮಾಜವನ್ನು ನಾನು ಈವರೆಗೆ ಕಂಡಿಲ್ಲ. ಬೆಂಗಳೂರಿನ ನಮ್ಮ ಸಣ್ಣ ಸಮಾಜದಲ್ಲಿ ಆ ಪದವಿಯನ್ನು ಅಲಂಕರಿಸಿರುವವರನ್ನು ಎಲ್ಲರೂ ಜಪಾನು ರಾಯರೆಂದೇ ಕರೆಯುತ್ತಾರೆ. ಅವರು ಜಪಾನಿಗೆ ಹೋದವರಲ್ಲ. ಆ ಭಾಷೆಯನ್ನು ಬಲ್ಲವರೂ ಅಲ್ಲ. ತೆರೆಯ ತಳದಲ್ಲಿ ಮೂಡುವ ಇಂಗ್ಲಿಷ್ ಅಡಿಬರಹವನ್ನು ಹಿಡಿದುಕೊಂಡೇ ನಮ್ಮ ಹಾಗೆ ಅವರೂ ಆ ಲೋಕದೊಳಕ್ಕೆ ಪ್ರವೇಶಿಸತಕ್ಕವರು. ವ್ಯತ್ಯಾಸವೇನೆಂದರೆ ನಾವು ಅಡಿಬರಹವನ್ನು ಓದುತ್ತೇವೆ, ಅವರು ಅದನ್ನು ತಿದ್ದುತ್ತಾರೆ. ತೆರೆಯ ಮೇಲಿನ ತಂದೆ ‘ಹೌದು’ ಎಂದನೆಂದು ಅಲ್ಲಿ ಬರೆದಿದ್ದರೆ, ರಾಯರು ಪಕ್ಕದವರ ಕಿವಿಗೆ ಬಾಗಿ, “ಬರೀ ಹೌದಲ್ಲ ಸ್ವಾಮಿ, ಅದರೊಳಗೆ ಮೂರು ಇಲ್ಲಗಳಿವೆ” ಎನ್ನುತ್ತಾರೆ. ಆ ಮೂರನ್ನೂ ಅವರು ಎಣಿಸಿ ಮುಗಿಸುವಷ್ಟರಲ್ಲಿ ತಂದೆ ತೀರಿಕೊಂಡಿರುತ್ತಾನೆ.

ಯಸುಜಿರೊ ಓಜುವಿನ ಚಿತ್ರವಿದ್ದ ದಿನ ರಾಯರು ಕುರ್ಚಿಯನ್ನು ಮುಟ್ಟುವುದಿಲ್ಲ. ಓಜು ತನ್ನ ಕ್ಯಾಮೆರಾವನ್ನು ನೆಲಕ್ಕೆ ಅತಿ ಸಮೀಪದಲ್ಲಿ, ಚಾಪೆಯ ಮೇಲೆ ಕುಳಿತವನ ಕಣ್ಣಿಗಿಂತಲೂ ತಗ್ಗಿನಲ್ಲಿ ಇರಿಸಿ, 50 ಮಿಲಿಮೀಟರಿನ ಒಂದೇ ಮಸೂರದಿಂದ ಬಹುಮಟ್ಟಿಗೆ ಎಲ್ಲವನ್ನೂ ಚಿತ್ರಿಸಿದನಾದುದರಿಂದ, ನೋಡುವವನೂ ಅದೇ ಮಟ್ಟಕ್ಕೆ ಇಳಿದರಲ್ಲದೆ ದರ್ಶನವು ಸಿದ್ಧಿಸುವುದಿಲ್ಲವೆಂಬುದು ಅವರ ಸಿದ್ಧಾಂತ. ಆದರೆ ನಮ್ಮ ಸಭಾಂಗಣದ ತೆರೆಯು ಆಳೆತ್ತರದಲ್ಲಿ ತೂಗುತ್ತಿರುವ ಕಾರಣ, ಮೊದಲನೆಯ ಸಾಲಿನ ಮುಂದೆ ನೆಲದ ಮೇಲೆ ಪದ್ಮಾಸನ ಹಾಕಿದ ರಾಯರು ಗೋಪುರದ ಕಲಶವನ್ನು ನೋಡುವ ಯಾತ್ರಿಕನ ಭಂಗಿಯಲ್ಲಿ ಎರಡು ಗಂಟೆ ಕಾಲ ಕತ್ತೆತ್ತಿ ಕುಳಿತಿರಬೇಕಾಗುತ್ತದೆ. ಓಜುವಾಗಲಿ ಅವನ ಛಾಯಾಗ್ರಾಹಕನಾಗಲಿ ಆ ಚಿತ್ರವನ್ನು ಆ ಕೋನದಿಂದ ಎಂದೂ ಕಂಡಿರಲಾರರು. ತಲೆತಲಾಂತರದಿಂದ ಮಣೆಯ ಮೇಲೆ ಉಂಡು ಚಾಪೆಯ ಮೇಲೆ ಮಲಗಿದ ವಂಶದಲ್ಲಿ ಹುಟ್ಟಿ, ಕಂತಿನ ಮೇಲೆ ಊಟದ ಮೇಜನ್ನೂ ಸೋಫಾವನ್ನೂ ತಂದು ಪೂರ್ವಿಕರ ನೆಲವನ್ನು ಬಿಟ್ಟೆದ್ದ ಈ ಮಹನೀಯರು, ಟೋಕಿಯೋ ಮಾರ್ಗವಾಗಿ ಮರಳಿ ನೆಲಕ್ಕೆ ಬಂದುದನ್ನು ಕಂಡು ಅವರ ಮನೆಯಾಕೆ, “ಶ್ರಾದ್ಧದ ದಿನ ಮಣೆ ಹಾಕಿದರೆ ಮಂಡಿ ನೋವು ಅಂತೀರಿ, ಅಲ್ಲಿ ಹೇಗೆ ಕೂರ್ತೀರೋ!” ಎಂದು ಕೇಳಿದರಂತೆ. ಶ್ರಾದ್ಧದಲ್ಲಿ ರೂಪಪ್ರಜ್ಞೆಯಿಲ್ಲವೆಂಬುದು ರಾಯರ ಉತ್ತರ.

ಅವರ ಪಾಂಡಿತ್ಯದ ಶಿಖರವು ಒಂದು ಹೂದಾನಿ. 1949ರ ‘ಲೇಟ್ ಸ್ಪ್ರಿಂಗ್’ ಚಿತ್ರದಲ್ಲಿ, ವಿಧುರನಾದ ಪ್ರೊಫೆಸರನೊಬ್ಬನು, ತನ್ನನ್ನು ಬಿಟ್ಟುಹೋಗಲೊಲ್ಲದ ಮಗಳು ಮದುವೆಗೆ ಒಪ್ಪಲೆಂದು, ತಾನೂ ಮರುಮದುವೆಯಾಗುವೆನೆಂದು ಸುಳ್ಳಾಡುತ್ತಾನೆ. ಬೇರ್ಪಡುವ ಮುನ್ನ ತಂದೆ ಮಗಳು ಕ್ಯೋಟೋ ನಗರಕ್ಕೆ ಹೋಗಿ, ರಾತ್ರಿ ಒಂದು ವಸತಿಗೃಹದಲ್ಲಿ ಮಲಗಿದ್ದಾರೆ. ಮಗಳು ಏನೋ ಹೇಳಹೊರಡುತ್ತಾಳೆ, ತಂದೆಗೆ ನಿದ್ರೆ ಹತ್ತಿಬಿಟ್ಟಿದೆ. ಅವಳ ಮುಖದಲ್ಲಿ ಮುಗುಳುನಗೆ. ಆಮೇಲೆ ಮೂಲೆಯ ಹೂದಾನಿ. ಮತ್ತೆ ಅವಳ ಮುಖ, ಈಗ ಅಳು ಒತ್ತಿಬಂದಂತಿದೆ. ಮತ್ತೆ ಅದೇ ಹೂದಾನಿ. ಇಷ್ಟೇ. ಸೆತ್ಸುಕೊ ಹಾರಾ ಎಂಬ ಆ ನಟಿಯ ಮುಖವನ್ನು ಒಮ್ಮೆ ಕಂಡವರು ಮರೆಯಲಾರರೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ಹೂದಾನಿಯ ಅರ್ಥವೇನೆಂದು ಪಾಶ್ಚಾತ್ಯ ವಿದ್ವಾಂಸರು ದಶಕಗಳಿಂದ ವಾದ ಹೂಡಿದ್ದಾರೆ: ಅದು ಕಾಲಾತೀತವಾದ ಶಾಂತಿಯ ಪ್ರತೀಕವೆಂದು ಒಬ್ಬರು, ಮಗಳ ಭಾವವು ಬದಲಾಗುವುದಕ್ಕೆ ಕೊಟ್ಟ ಅವಕಾಶವೆಂದು ಇನ್ನೊಬ್ಬರು, ಅದರ ಸ್ಥಳದಲ್ಲಿ ಬೇರೆ ಯಾವ ವಸ್ತುವಿದ್ದರೂ ಆಗುತ್ತಿತ್ತೆಂದು ಮತ್ತೊಬ್ಬರು. ರಾಯರು ಮೂವರನ್ನೂ ಓದಿ ಮೂವರನ್ನೂ ಖಂಡಿಸಿ ನಾಲ್ಕನೆಯ ಮತವೊಂದನ್ನು ಸ್ಥಾಪಿಸಿದ್ದಾರೆ. ತೆರೆಯ ಮೇಲೆ ಕೆಲವೇ ಕ್ಷಣ ನಿಲ್ಲುವ ಆ ಪಾತ್ರೆಯು ರಾಯರ ಬಾಯಲ್ಲಿ ಮುಕ್ಕಾಲು ಗಂಟೆಗೆ ಕಡಮೆಯಾಗಿ ನಿಂತದ್ದಿಲ್ಲ. ಒಮ್ಮೆ ಹೀಗೆ ಅವರು ಶೂನ್ಯದ ವಿಷಯವಾಗಿ ಪ್ರವಚನ ಮಾಡುತ್ತಿರುವಾಗ, ಓಜುವಿನ ಸಮಾಧಿಶಿಲೆಯ ಮೇಲೆಯೂ ಹೆಸರಿಲ್ಲದೆ ‘ಇಲ್ಲ’ ಎಂಬರ್ಥದ ಒಂದೇ ಅಕ್ಷರವಿದೆಯೆಂದು ಅವರ ಧ್ವನಿ ಗದ್ಗದವಾಗಿರುವಾಗ, ಹಿಂದಿನ ಸಾಲಿನಿಂದ ಬ್ಯಾಂಕಿನ ಗುಮಾಸ್ತರೊಬ್ಬರು, “ಸಾರ್, ಆ ಹೂದಾನಿಯಲ್ಲಿ ಹೂವಿತ್ತೇ?” ಎಂದು ಕೇಳಿಬಿಟ್ಟರು. ರಾಯರು ಎಂಟು ಸಲ ನೋಡಿದ ದೃಶ್ಯ. ಆದರೂ ಅವರಿಗೆ ಅದು ನೆನಪಾಗಲಿಲ್ಲ.

ಇಷ್ಟು ಹೇಳಿದ ಮೇಲೆ ರಾಯರ ಪ್ರಧಾನ ಗುಣವನ್ನು ಹೇಳದಿದ್ದರೆ ಅನ್ಯಾಯವಾದೀತು. ಅವರು ಮೌನದ ಆರಾಧಕರು. ಆ ಆರಾಧನೆಯನ್ನು ಬಾಯಿಬಿಟ್ಟೇ ಮಾಡುತ್ತಾರೆ. ನಿರ್ದೇಶಕ ಮಿಜೊಗುಚಿಯ ದೀರ್ಘ ನಿಶ್ಶಬ್ದ ದೃಶ್ಯವೊಂದು ಬಂದಿತೆಂದರೆ, “ನೋಡಿ, ಈಗ ಯಾರೂ ಮಾತಾಡುವುದಿಲ್ಲ, ನೋಡುತ್ತಿರಿ, ಯಾರೂ ಮಾತಾಡುವುದೇ ಇಲ್ಲ” ಎಂದು ಆ ಮೌನ ಮುಗಿಯುವವರೆಗೂ ನಮ್ಮನ್ನು ಎಚ್ಚರಿಸುತ್ತಿರುತ್ತಾರೆ. ಮೂಕಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಬೆನ್ಶಿಗಳೆಂಬ ಕಥನಕಾರರಿದ್ದರು. ತೆರೆಯ ಪಕ್ಕದಲ್ಲಿ ನಿಂತು ಸಕಲ ಪಾತ್ರಗಳ ಮಾತನ್ನೂ ತಾವೊಬ್ಬರೇ ಆಡಿ, ಪರದೇಶದ ಚಿತ್ರವಾದರೆ ಅಲ್ಲಿಯ ಆಚಾರವ್ಯವಹಾರಗಳನ್ನು ತಮ್ಮವರಿಗೆ ಬಿಡಿಸಿ ಹೇಳಿ, ನಟರಿಗಿಂತಲೂ ಹೆಚ್ಚಿನ ಕೀರ್ತಿಯನ್ನು ಸಂಪಾದಿಸಿದವರು ಅವರಲ್ಲಿ ಅನೇಕರು. ನಿರ್ದೇಶಕ ಕುರೊಸಾವಾನ ಅಣ್ಣನೇ ಬೆನ್ಶಿಯಾಗಿದ್ದವನು. ಮಾತಿನ ಚಿತ್ರಗಳು ಬಂದಾಗ ಬೆನ್ಶಿಗಳು ಮುಷ್ಕರ ಹೂಡಿ ಸೋತು ಬಹುಮಟ್ಟಿಗೆ ಕಣ್ಮರೆಯಾದರು. ಜಪಾನಿನಲ್ಲಿ ಹೆಚ್ಚುಕಡಮೆ ಅಳಿದುಹೋದ ಈ ವೃತ್ತಿಯು ಸಮುದ್ರವನ್ನು ದಾಟಿ ನಮ್ಮ ಸಭಾಂಗಣದ ಮುಂದಿನ ಸಾಲಿನಲ್ಲಿ ಪುನರ್ಜನ್ಮ ಪಡೆದಿದೆಯೆಂದು ನನ್ನ ನಂಬುಗೆ. ಬೆನ್ಶಿಗಳ ಈ ವೃತ್ತಾಂತವನ್ನು ನನಗೆ ತಿಳಿಸಿದವರೂ ರಾಯರೇ, ಓಜುವಿನ ‘ಟೋಕಿಯೋ ಸ್ಟೋರಿ’ಯ ತಾಯಿ ಸಾಯುತ್ತಿದ್ದ ಹೊತ್ತಿನಲ್ಲಿ.

ರಾಯರ ಅಭಿರುಚಿಯ ಇತಿಹಾಸವು ಸ್ವತಂತ್ರವಾಗಿ ಬರೆಯತಕ್ಕದ್ದು. ಯೌವನದಲ್ಲಿ ಅವರು ಎಲ್ಲರಂತೆ ಕುರೊಸಾವಾನ ಭಕ್ತರಾಗಿದ್ದರು. 1951ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಸ್ವರ್ಣಸಿಂಹವನ್ನು ಗೆದ್ದು ಜಪಾನೀ ಚಿತ್ರಗಳಿಗೆ ಜಗತ್ತಿನ ಬಾಗಿಲನ್ನು ತೆರೆದ ‘ರಾಶೊಮಾನ್’ ಅವರಿಗೆ ಆಗ ಉಪನಿಷತ್ತಿನ ಸಮಾನ. 207 ನಿಮಿಷಗಳ ‘ಸೆವೆನ್ ಸಮುರಾಯ್’ ಅನ್ನು ಎಡೆಯಲ್ಲಿ ಕಾಫಿಗೂ ಏಳದೆ ನೋಡಿದರು. ಅಷ್ಟರಲ್ಲಿ ಗಿರೀಶ ಕಾರ್ನಾಡರು ಕುರೊಸಾವಾನ ಪ್ರೇರಣೆಯಿಂದ 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ತೆಗೆದರು. ಶಂಕರ್ ನಾಗ್ ಕತ್ತಿ ಹಿಡಿದ ಆ ಚಿತ್ರದ ದೆಸೆಯಿಂದ ಕುರೊಸಾವಾನ ಹೆಸರು ಹೋಟೆಲಿನ ಮೇಜುಗಳವರೆಗೂ ಹಬ್ಬಿತು. ತಮ್ಮ ದೇವರನ್ನು ಪಕ್ಕದ ಮನೆಯವರೂ ಪೂಜಿಸಲಾರಂಭಿಸಿದುದನ್ನು ರಾಯರು ಸಹಿಸಲಿಲ್ಲ. ಮ್ಯಾಕ್‌ಬೆತ್ ನಾಟಕವನ್ನು ‘ಥ್ರೋನ್ ಆಫ್ ಬ್ಲಡ್’ ಮಾಡಿದವನು, ಲಿಯರ್ ದೊರೆಯನ್ನು ‘ರಾನ್’ ಮಾಡಿದವನು, ಅಮೆರಿಕದ ಕುದುರೆಸವಾರರ ಚಿತ್ರಗಳಿಗೆ ಕಥೆ ಒದಗಿಸಿದವನು ಎಂಥ ಜಪಾನೀಯ ಎಂಬ ತಕರಾರು ತೆಗೆದು, ಅಪ್ಪಟ ಜಪಾನಿಯಾದ ಓಜುವಿಗೆ ಶರಣಾದರು. ಅಪ್ಪಟನಾದ ಈ ಓಜು ಹಾಲಿವುಡ್ಡಿನ ಚಿತ್ರಗಳೆಂದರೆ ಪ್ರಾಣ ಬಿಡುತ್ತಿದ್ದನೆಂದೂ, ಯುದ್ಧಕಾಲದಲ್ಲಿ ಸಿಂಗಪುರದಲ್ಲಿದ್ದಾಗ ಶತ್ರುವಿನಿಂದ ವಶಪಡಿಸಿಕೊಂಡ ‘ಸಿಟಿಜನ್ ಕೇನ್’ ಮೊದಲಾದವುಗಳನ್ನು ನೋಡುತ್ತ ಕಾಲ ಕಳೆದನೆಂದೂ, ‘ಟೋಕಿಯೋ ಸ್ಟೋರಿ’ಗೆ ಮೂಲಪ್ರೇರಣೆಯು ಲಿಯೊ ಮೆಕೇರಿ ಎಂಬ ಅಮೆರಿಕನ್ನನ 1937ರ ಚಿತ್ರವೆಂದೂ ಯಾರಾದರೂ ಹೇಳಿದರೆ, ರಾಯರು ಕಿವಿಯ ಮೇಲಿನ ಮಫ್ಲರನ್ನು ಬಿಗಿ ಮಾಡಿಕೊಳ್ಳುತ್ತಾರೆ.

ಕಾಲಕ್ರಮದಲ್ಲಿ ಓಜುವೂ ಜನಕ್ಕೆ ಸಿಕ್ಕಿಬಿದ್ದನು. ರಾಯರು ಮಿಜೊಗುಚಿಯ ಕಡೆಗೆ ಸರಿದರು. ಅಲ್ಲಿಗೂ ಜನ ಬರಲು, ನರುಸೆಯ ಆಶ್ರಯ. ಅವನ ‘ಫ್ಲೋಟಿಂಗ್ ಕ್ಲೌಡ್ಸ್’ ಅನ್ನು ಬ್ಯಾಂಕಿನ ಗುಮಾಸ್ತರು ಮೆಚ್ಚಿದೊಡನೆ, ಸಡಾವೊ ಯಮನಾಕ. ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದು, ಸೈನ್ಯಕ್ಕೆ ಸೇರಿ, 1938ರಲ್ಲಿ 28ನೆಯ ವಯಸ್ಸಿಗೇ ತೀರಿಕೊಂಡ ಈ ಯಮನಾಕನ ಕೃತಿಗಳಲ್ಲಿ ಈಗ ಉಳಿದಿರುವುವು ಮೂರು ಮಾತ್ರ. ಆ ಮೂರೂ ನಿಜವಾಗಿ ಸೊಗಸಾದುವು. ಆದರೆ ರಾಯರು ಇತ್ತೀಚೆಗೆ ಆ ಮೂರನ್ನು ತುಸು ಉದಾಸೀನದಿಂದಲೇ ಕಾಣುತ್ತಾರೆ. ಯಮನಾಕನ ನಿಜವಾದ ಪ್ರತಿಭೆಯು ಅಳಿದುಹೋದ ಚಿತ್ರಗಳಲ್ಲಿತ್ತೆಂಬುದು ಅವರ ಪ್ರಸ್ತುತ ಅಭಿಪ್ರಾಯ. 1923ರ ಭೂಕಂಪ, ಯುದ್ಧದ ಬಾಂಬು, ಸ್ಟುಡಿಯೋಗಳ ಅನಾದರ ಇವೆಲ್ಲ ಸೇರಿ ಜಪಾನಿನ ಮೂಕಚಿತ್ರಗಳಲ್ಲಿ ಬಹುಪಾಲನ್ನು ನುಂಗಿರುವುದರಿಂದ, ಯಾರೂ ನೋಡಿರದ, ಮುಂದೆಯೂ ನೋಡಲಾಗದ, ಆದಕಾರಣ ಯಾರೂ ಎದುರಾಡಲಾಗದ ವಿಶಾಲವಾದ ಸಾಮ್ರಾಜ್ಯವೊಂದು ರಾಯರಿಗೆ ದೊರೆತಿದೆ. ಅವರನ್ನು ಕಾಡುವ ಭಯ ಒಂದೇ: ಕಳೆದುಹೋಯಿತೆಂದು ಲೋಕವೆಲ್ಲ ನಂಬಿದ್ದ 1926ರ ‘ಎ ಪೇಜ್ ಆಫ್ ಮ್ಯಾಡ್‌ನೆಸ್’ 1970ರ ದಶಕದ ಆರಂಭದಲ್ಲಿ ಅದರ ನಿರ್ದೇಶಕ ಕಿನುಗಾಸಾನ ಬಳಿಯಲ್ಲೇ ಸಿಕ್ಕಿಬಿಟ್ಟಿತಲ್ಲ, ಹಾಗೆ ಉಳಿದವುಗಳೂ ಸಿಕ್ಕಿಬಿಟ್ಟರೆ?

ಅವರ ಸೋದರಳಿಯನೊಬ್ಬನಿದ್ದಾನೆ, ಗಾಡ್ಜಿಲ್ಲಾ ಎಂಬ ರಾಕ್ಷಸಪ್ರಾಣಿಯ ಚಿತ್ರಗಳನ್ನು ಬಿಟ್ಟು ಬೇರೇನನ್ನೂ ನೋಡದವನು. “ಮಾವ, ಸೆವೆನ್ ಸಮುರಾಯ್ ಬಂದ 1954ರಲ್ಲೇ, ಅದೇ ತೋಹೋ ಕಂಪೆನಿಯಿಂದಲೇ ಗಾಡ್ಜಿಲ್ಲಾನೂ ಬಂತು. ಸಮುರಾಯ್‌ಗಳ ಮುಖ್ಯಸ್ಥನಾಗಿರುವ ತಕಾಶಿ ಶಿಮುರಾನೇ ಇದರಲ್ಲಿ ವಿಜ್ಞಾನಿ” ಎಂದು ಅವನು ಹೇಳಿದುದಕ್ಕೆ ರಾಯರು, ಮಹಾನಟನಿಗೂ ಮನೆ ಬಾಡಿಗೆ ಇರುತ್ತದೆಂದು ಉತ್ತರಿಸಿದರು. ಆ ಉತ್ತರ ನನಗೆ ಹಿಡಿಸಿತು.

ಆದರೆ ‘ಗುಡ್ ಮಾರ್ನಿಂಗ್’ ಪ್ರದರ್ಶನದ ದಿನ ಅವರಿಗೆ ಉತ್ತರ ಹೊಳೆಯಲಿಲ್ಲ. ಓಜುವಿನ ಉದಾತ್ತತೆಯನ್ನು ಪರಿಚಯಿಸಲೋಸುಗ ಅವರು ತಮ್ಮ ಕುಟುಂಬವರ್ಗವನ್ನೂ, ನೆರೆಮನೆಯ ಸಂಸ್ಕೃತ ಪಂಡಿತರನ್ನೂ, ಅವರ ಇಬ್ಬರು ಮೊಮ್ಮಕ್ಕಳನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿ, ಅನಿತ್ಯತೆ, ವಿರಕ್ತಿ, ಶರತ್ಕಾಲ ಇವುಗಳ ಕುರಿತು ಪೀಠಿಕೆ ಹಾಕಿದ್ದರು. ಈ ಚಿತ್ರವನ್ನು ಅವರು ಅದುವರೆಗೆ ನೋಡಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. 1959ರ ಆ ಚಿತ್ರವು ಆರಂಭವಾಗುವುದೇ ಶಾಲೆಗೆ ಹೋಗುವ ಹುಡುಗರ ಒಂದು ಆಟದಿಂದ: ಒಬ್ಬನು ಇನ್ನೊಬ್ಬನ ಹಣೆಯನ್ನು ಒತ್ತುವುದು, ಒತ್ತಿಸಿಕೊಂಡವನು ಕೂಡಲೆ ಅಪಾನವಾಯುವನ್ನು ಹೊರಡಿಸುವುದು. ಈ ವಿದ್ಯೆಯಲ್ಲಿ ನೈಪುಣ್ಯ ಪಡೆಯಲೆಂದು ಹುಡುಗರು ಹಗುರಕಲ್ಲನ್ನು ಕೆರೆದು ಪುಡಿ ತಿನ್ನುತ್ತಾರೆ. ಅಭ್ಯಾಸ ಸಾಲದ ಒಬ್ಬನಿಗೆ ಪದೇ ಪದೇ ಚಡ್ಡಿಯೇ ಕೆಡುತ್ತದೆ. ನೆರೆಮನೆಯ ಗೃಹಸ್ಥನೂ ಅದೇ ಕಲೆಯಲ್ಲಿ ಗಟ್ಟಿಗ, ಅವನು ಸದ್ದು ಮಾಡಿದಾಗಲೆಲ್ಲ ಹೆಂಡತಿ ಒಳಗಿಂದ ಬಂದು, “ಕರೆದಿರಾ?” ಎಂದು ವಿಚಾರಿಸುತ್ತಾಳೆ. ಮೊದಲ ಸದ್ದಿಗೆ ಪಂಡಿತರ ಮೊಮ್ಮಕ್ಕಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದರು. ಎರಡನೆಯದಕ್ಕೆ ರಾಯರ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂರನೆಯದಕ್ಕೆ ಸ್ವತಃ ಪಂಡಿತರು, ವ್ಯಾಕರಣದ ತಪ್ಪೊಂದನ್ನು ಕಂಡಾಗ ಮಾತ್ರ ಅವರಿಗೆ ಬರುತ್ತಿದ್ದ ಆ ವಿಶೇಷವಾದ ನಗೆಯನ್ನು ಬಿಟ್ಟುಕೊಟ್ಟರು. ರಾಯರು ನೆಲದ ಮೇಲಿನಿಂದ ತಿರುಗಿ, “ಇದರಲ್ಲೊಂದು ಸಾಮಾಜಿಕ ವಿಮರ್ಶೆ ಇದೆ” ಎಂದು ಆರಂಭಿಸಿದರು. ಇದ್ದುದೇನೋ ನಿಜ: ಟೆಲಿವಿಷನ್ ಕೊಡಿಸೆಂದು ಹಟ ಹಿಡಿದ ಇಬ್ಬರು ಸೋದರರು, ಹೆಚ್ಚು ಮಾತಾಡಬೇಡಿರೆಂದು ತಂದೆ ಗದರಿಸಿದುದಕ್ಕೆ, ದೊಡ್ಡವರು ದಿನವೆಲ್ಲ ಆಡುವ ನಮಸ್ಕಾರ, ಚೆನ್ನಾಗಿದ್ದೀರಾ, ಒಳ್ಳೆಯ ಬಿಸಿಲು ಎಂಬ ಮಾತುಗಳೇ ವ್ಯರ್ಥವೆಂದು ವಾದಿಸಿ, ಮೌನವ್ರತವನ್ನು ಕೈಗೊಳ್ಳುತ್ತಾರೆ. ಆ ಭಾಗ ಬಂದಾಗ ಕಿರಿಯ ಮೊಮ್ಮಗನು ವಿವರಣೆ ಕೊಡುತ್ತಿದ್ದ ರಾಯರನ್ನೂ ತೆರೆಯನ್ನೂ ಒಂದೆರಡು ಸಲ ನೋಡಿ, ತನ್ನ ಬೆರಳಿನಿಂದ ಅವರ ಹಣೆಯನ್ನು ಮೆಲ್ಲಗೆ ಒತ್ತಿದನು.

ಹಾಗೆಂದು ರಾಯರನ್ನು ಅಲ್ಲಗಳೆಯುವುದು ಸಲ್ಲದು. ಅವರ ಹಟವಿಲ್ಲದಿದ್ದರೆ ‘ಸ್ಯಾನ್ಶೋ ದ ಬೇಲಿಫ್’ ಎಂಬ ಚಿತ್ರವು ನಮ್ಮ ಊರಿನ ಈ ಮೂಲೆಗೆ ಬರುತ್ತಲೇ ಇರಲಿಲ್ಲ. ಅದರ ಕೊನೆಯ ದೃಶ್ಯದಲ್ಲಿ ಅವರೂ ಬಾಯಿಬಿಡಲಿಲ್ಲವೆಂಬುದನ್ನು ನಾನು ಸಾಕ್ಷಿಯಾಗಿ ಹೇಳಬಲ್ಲೆ.

ಕೆಲವು ತಿಂಗಳ ಹಿಂದೆ ಬಿಡದಿಯ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಜಪಾನೀ ಇಂಜಿನಿಯರನೊಬ್ಬನು ನಮ್ಮ ಸಮಾಜಕ್ಕೆ ಬಂದನು. ರಾಯರ ಆನಂದವನ್ನು ವರ್ಣಿಸಲಾರೆ. ಅವರು ಅತಿಥಿಗೆ ನಡು ಬಾಗಿಸಿ ವಂದಿಸಿ, ಫಿಲ್ಟರ್ ಕಾಫಿ ತರಿಸಿ, ಓಜುವಿನ ವಿಷಯವನ್ನು ಎತ್ತಿದರು. ಅತಿಥಿಯು ವಿನಯದಿಂದ, ಶಾಲೆಯಲ್ಲಿ ಒಂದು ಚಿತ್ರವನ್ನು ತೋರಿಸಿದ್ದರೆಂದೂ, ತನಗೆ ನಿದ್ರೆ ಬಂದುಬಿಟ್ಟಿತೆಂದೂ ಹೇಳಿ, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, “ರಾವ್-ಸಾನ್, ತಾವು ‘ಮುತ್ತು’ ನೋಡಿರಬೇಕಲ್ಲವೆ?” ಎಂದು ಕೇಳಿದನು. ರಜನೀಕಾಂತರ ಆ ತಮಿಳು ಚಿತ್ರವು 1998ರಲ್ಲಿ ಟೋಕಿಯೋದಲ್ಲಿ ತಿಂಗಳುಗಟ್ಟಲೆ ಓಡಿದಾಗ ವಿದ್ಯಾರ್ಥಿಯಾಗಿದ್ದ ಆತನು ಅದನ್ನು ಮತ್ತೆ ಮತ್ತೆ ನೋಡಿದವನಂತೆ. ಬೆಂಗಳೂರಿಗೆ ವರ್ಗ ಕೇಳಿ ಪಡೆದುದಕ್ಕೂ, ಆ ನಾಯಕನು ಒಂದಾನೊಂದು ಕಾಲದಲ್ಲಿ ಇಲ್ಲಿ ಬಸ್ ಕಂಡಕ್ಟರಾಗಿದ್ದುದು ಒಂದು ಕಾರಣವಂತೆ. ನೋಡಿಲ್ಲವೆಂದು ರಾಯರು ಒಪ್ಪಿಕೊಳ್ಳಬೇಕಾಯಿತು. ಅತಿಥಿಯ ಮುಖದಲ್ಲಿ ಅಪಾರವಾದ ಕರುಣೆ ಮೂಡಿತು. ನಾಯಕನು ಹೆಗಲ ವಸ್ತ್ರವನ್ನು ಬೀಸಿದ ಬಳಿಕ ಅರೆಕ್ಷಣ ಸುಮ್ಮನೆ ನಿಲ್ಲುವನಲ್ಲ, ಭಾರತದ ಆತ್ಮವಿರುವುದು ಆ ನಿಲುಗಡೆಯಲ್ಲಿ ಎಂದು ಆರಂಭಿಸಿ, ಅಡಿಬರಹಗಳು ಎಲ್ಲಿ ತಪ್ಪಿವೆ, ಹಾಡಿನ ನಡುವೆ ಸೀರೆಯ ಬಣ್ಣ ಯಾಕೆ ಬದಲಾಗುತ್ತದೆ, ಅದನ್ನು ಪಾಶ್ಚಾತ್ಯರು ಹೇಗೆ ತಪ್ಪಾಗಿ ತಿಳಿದಿದ್ದಾರೆ ಎಂಬುದನ್ನೆಲ್ಲ ಆತನು ಒಂದು ಗಂಟೆ ಕಾಲ ಬಿಡಿಸಿ ಹೇಳಿದನು. ರಾಯರ ಕಾಫಿ ಆರಿತು. ಅವರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಎಡೆ ಸಿಗಲಿಲ್ಲ.

ಮುಂದಿನ ತಿಂಗಳ ಪ್ರದರ್ಶನಕ್ಕೆ ‘ಮುತ್ತು’ ತರಿಸಬೇಕೆಂದೂ, ತಮಿಳು ಬಲ್ಲವರಿಗೆ ಅದರ ಸ್ವಾರಸ್ಯವು ತಿಳಿಯಲಾರದಾದುದರಿಂದ ಜಪಾನೀ ಅಡಿಬರಹಗಳಿರುವ ಪ್ರತಿಯನ್ನೇ ತರಿಸತಕ್ಕದ್ದೆಂದೂ ರಾಯರು ಮೊನ್ನೆ ಕಾರ್ಯದರ್ಶಿಗಳಿಗೆ ಅರ್ಜಿ ಬರೆದುಕೊಟ್ಟಿದ್ದಾರೆ.